ಹೆಸರಿನ ಚಿತ್ರ ಬರೆಯುವವರಿಗೆ ನಾಲ್ಕು ಮಾತು

ಬೆಂಗಳೂರಿನಿಂದ ಹೊಸೂರಿನ ದಾರಿ ಹಿಡಿದು ಹೊರಟು, ಬೊಮ್ಮನಹಳ್ಳಿಯ ಬಳಿ ಬಲಕ್ಕೆ ತಿರುಗಿದರೆ ಬೇಗೂರು ಸಿಕ್ಕುವುದು. ಆ ಊರಿನ ನಾಗೇಶ್ವರ ದೇವಾಲಯವನ್ನು ನಮ್ಮ ವಾಚಕರಲ್ಲಿ ಹಲವರು ನೋಡಿರಬಹುದು. ಬೆಂಗಳೂರು ಎಂಬ ಹೆಸರನ್ನು ಹೊತ್ತ ಅತಿ ಪುರಾತನವಾದ ಶಾಸನವೆಂದು ಪ್ರಸಿದ್ಧಿ ಪಡೆದ ಕಲ್ಲು ಅಲ್ಲಿಯದೇ. ಗಂಗರ ಕಾಲದ, ಸುಮಾರು ಕ್ರಿ. ಶ. 890ರ ಆ ಶಾಸನವು ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ನೆನಪಿಗಾಗಿ ಹುಟ್ಟಿದುದು. ಅದನ್ನು ಕೊರೆದ ಕಲ್ಲುಕುಟಿಗನಿಗೆ ನಮ್ಮ ಕಾಲದವರಿಗಿರುವ ಸೌಕರ್ಯವೊಂದಿರಲಿಲ್ಲ; ಉಳಿಯ ಒಂದು ಪೆಟ್ಟು ತಪ್ಪಿದರೆ ಅದನ್ನು ಅಳಿಸುವ ಬಗೆಯೇ ಇಲ್ಲ. ಆದರೂ ಹನ್ನೊಂದು ನೂರು ವರುಷಗಳು ಕಳೆದ ಮೇಲೆಯೂ ಆ ಹೆಸರನ್ನು ಓದಬಲ್ಲವರು ಓದುತ್ತಿರುವರು. ಅದೇ ಬೇಗೂರಿನಲ್ಲಿ, ಆ ದೇವಾಲಯಕ್ಕೆ ಕೂಗಳತೆಯ ದೂರದ ಮನೆಯೊಂದರಲ್ಲಿ, ಒಬ್ಬ ಹಿರಿಯ ಗೃಹಿಣಿಯ ಹೆಸರು ಒಂದೇ ಮಧ್ಯಾಹ್ನದಲ್ಲಿ ಕೆಟ್ಟುಹೋದ ಸಂಗತಿಯಿಂದ ಈ ಲೇಖನವು ಹುಟ್ಟಿತು.

ಆ ಮನೆಯವರು ನಮಗೆ ಬಂಧುಗಳು. ಮನೆಯ ಸೊಸೆ ಹಪ್ಪಳ, ಸಂಡಿಗೆ, ಮೆಂತ್ಯದ ಹಿಟ್ಟು, ಸಾರಿನ ಪುಡಿ ಇವುಗಳನ್ನು ಮಾಡಿ ಸುತ್ತಲಿನ ಬಡಾವಣೆಗಳಿಗೆ ಕಳುಹಿಸುವಳು. ಕೇಳಿಕೆ, ಲೆಕ್ಕ, ಹಣದ ನೆನಪು ಎಲ್ಲವೂ ವಾಟ್ಸಾಪಿನ ಓಲೆಗಳಲ್ಲಿಯೇ ನಡೆಯುವುವು. ಪ್ರತಿಯೊಂದು ಓಲೆಯ ಅಡಿಯಲ್ಲಿಯೂ ಮನೆಯ ಹೆಸರು ಒಂದು ಅಂದವಾದ ಸಣ್ಣ ಚಿತ್ರವಾಗಿ ನಿಲ್ಲಬೇಕೆಂಬುದು ಆಕೆಯ ಆಸೆ. ಹೆಸರಾದರೋ ಅತ್ತೆಯವರದು, ಧನಲಕ್ಷ್ಮಿ. ಕೈಪಾಕವೆಲ್ಲ ಅವರಿಂದಲೇ ಕಲಿತದ್ದಲ್ಲವೇ? ಹಾಗೆಂದು ಪೇಟೆಯ ಒಂದು ಅಂಗಡಿಯಲ್ಲಿ ಹಣ ಕೊಟ್ಟು ಚಿತ್ರವನ್ನು ಮಾಡಿಸಿದಳು. ಹೊನ್ನಿನ ಬಣ್ಣದ ದಪ್ಪಕ್ಷರಗಳು, ಅವುಗಳ ಸುತ್ತ ಬೆರಳುದಪ್ಪದ ಕೆಂಪು ಅಂಚು, ಅದಕ್ಕೊಂದು ನೆರಳು, ಎರಡು ಕಡೆಯೂ ಹೂಗೊಂಚಲು. ನೋಡಿದೊಡನೆಯೇ ಮನಸ್ಸಿಗೆ ಒಪ್ಪಿತು. ನಲವತ್ತು ಮನೆಗಳಿಗೆ ಹೋಯಿತು. ಸಾಯಂಕಾಲದ ಹೊತ್ತಿಗೆ ಒಬ್ಬ ಗಿರಾಕಿ, “ನಿಮ್ಮಲ್ಲಿ ಹಾಲೂ ಸಿಕ್ಕುವುದೇ?” ಎಂದು ಕೇಳಿ ಬರೆದನು. ಆಗ ಎಲ್ಲರೂ ಕಣ್ಣಿಟ್ಟು ನೋಡಿದರು. ಧಕಾರದ ಅಡಿಯ ಗೀಟನ್ನು ಕೆಂಪಂಚು ನುಂಗಿಬಿಟ್ಟಿತ್ತು. ಕ್ಷಕಾರ ಮಕಾರಗಳ ಒತ್ತು ಬಿಟ್ಟುಹೋಗಿ ಅಕ್ಷರಗಳು ಸಾಲಾಗಿ ನಿಂತಿದ್ದುವು. ಚಿತ್ರದಲ್ಲಿದ್ದುದು ‘ದನಲಕ್‌ಷ್‌ಮಿ’.

ಅತ್ತೆಯವರು ಕನ್ನಡಕ ಹಾಕಿಕೊಂಡು ನೋಡಿ, “ಏನಮ್ಮಾ, ನಮ್ಮಪ್ಪ ಇಟ್ಟ ಹೆಸರಿನಲ್ಲಿ ಧನ ಇತ್ತು, ನೀನು ದನ ಮಾಡಿದೆಯಲ್ಲ!” ಎಂದರಂತೆ. ಮನೆಮಂದಿಯೆಲ್ಲ ನಕ್ಕರು, ಅವರು ಮಾತ್ರ ನಗಲಿಲ್ಲ. ಮರುದಿನ ಬೆಳಿಗ್ಗೆ, “ನನ್ನ ಹೆಸರು ಬೇಡಮ್ಮ, ನಿನ್ನ ಹೆಸರನ್ನೇ ಹಾಕಿಕೊ” ಎಂದುಬಿಟ್ಟರು. ಸೊಸೆಯು ನಮ್ಮಲ್ಲಿಗೆ ಬಂದು, “ಇದನ್ನು ನಾನೇ ಮಾಡಿಕೊಳ್ಳುವುದಕ್ಕೆ ಆಗುವುದಿಲ್ಲವೇ, ಚಿಕ್ಕಪ್ಪ?” ಎಂದು ಕೇಳಿದಳು. ಆಗುವುದೆಂದು ನಾವು ಹೇಳಿದೆವು. ಆಕೆಗೆ ಹೇಳಿದುದನ್ನೇ, ಅದೇ ಅಪೇಕ್ಷೆಯುಳ್ಳ ಇತರರ ಸಲುವಾಗಿ ಇಲ್ಲಿ ಬರೆಯುತ್ತೇವೆ.

ಹೆಸರನ್ನು ಚಿತ್ರವಾಗಿ ಮಾಡಿ ಬರೆಹದ ಕೊನೆಗೆ ಇಡುವುದು ಹೊಸ ಪದ್ಧತಿಯೇನೂ ಅಲ್ಲ. ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳಲ್ಲಿ ಬರೆಹವೆಲ್ಲ ನಾಗರಲಿಪಿಯಲ್ಲಿದ್ದು, ಕಟ್ಟಕಡೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವೊಂದು ಮಾತ್ರ ದೊಡ್ಡ ಕನ್ನಡ ಅಕ್ಷರಗಳಲ್ಲಿ ನಿಂತಿರುವುದು. ಜರ್ಮನಿಯ ಚಿತ್ರಕಾರ ಡ್ಯೂರರನು ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನು ಒಂದರ ಮಡಿಲಲ್ಲಿ ಒಂದನ್ನಿಟ್ಟು ಗುರುತು ಮಾಡುತ್ತಿದ್ದನು. ಇವುಗಳಲ್ಲಿ ಹೂವಿಲ್ಲ, ನೆರಳಿಲ್ಲ, ಅಕ್ಷರವೇ ಅಲಂಕಾರ. ನಮ್ಮ ಅಂಗಡಿಯವರು ಇದನ್ನು ತಲೆಕೆಳಗು ಮಾಡಿ, ಮೊದಲು ಅಲಂಕಾರವನ್ನು ಹೂಡಿ ಆಮೇಲೆ ಉಳಿದ ಎಡೆಯಲ್ಲಿ ಹೆಸರನ್ನು ತುರುಕುವರು. ಕೆಟ್ಟುದು ಅಲ್ಲಿಯೇ.

ಇನ್ನು ತಂತ್ರಾಂಶದ ಆಯ್ಕೆ. ಗಣಕದಲ್ಲಿ ಚಿತ್ರವನ್ನು ಇಡುವ ಕ್ರಮವು ಎರಡು ಬಗೆ. ನಮ್ಮ ಸೋದರಿಯರಿಗೆ ಇದನ್ನು ತಿಳಿಸುವುದು ಸುಲಭ. ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಗೆ ಹಾಕುವರಷ್ಟೆ. ಗೋಪುರವಾಗಲಿ ತೇರಾಗಲಿ ಎಣಿಸಿದ ಸಣ್ಣ ಸಣ್ಣ ಹೊಲಿಗೆಗಳಿಂದ ಆದುದು. ಗಣಕದ ಒಂದು ಬಗೆಯ ಚಿತ್ರವೂ ಹೀಗೆಯೇ, ಪಿಕ್ಸೆಲ್ ಎಂಬ ಚುಕ್ಕಿಗಳನ್ನು ಎಣಿಸಿ ಜೋಡಿಸಿದುದು. ಅದನ್ನು ಹಿಗ್ಗಿಸಿದರೆ ಎಳೆ ಬಿಟ್ಟ ಬಟ್ಟೆಯಂತೆ ಚುಕ್ಕಿಗಳು ಎದ್ದು ಕಾಣುವುವು. ಇನ್ನೊಂದು ಬಗೆ ರಂಗವಲ್ಲಿಯಂತೆ. ಯಾವ ಗೆರೆ ಎಲ್ಲಿಂದ ಹೊರಟು ಹೇಗೆ ಬಾಗಬೇಕೆಂಬುದು ಕೈಗೆ ತಿಳಿದಿದ್ದರೆ ಅದೇ ಪದ್ಮವನ್ನು ಹೊಸಲಿನ ಮೇಲೆಯೂ ಬರೆಯಬಹುದು, ದೇವಾಲಯದ ಅಂಗಳದಲ್ಲಿಯೂ ಬರೆಯಬಹುದು. ಅಳತೆ ಬದಲಾದರೆ ಅಂದ ಕೆಡದು. ಛಾಯಾಚಿತ್ರವನ್ನು ತಿದ್ದುವುದಕ್ಕೆ ಮೊದಲನೆಯ ಬಗೆ ಬೇಕು. ಒಂದೇ ಹೆಸರನ್ನು ಓಲೆಯ ಅಡಿಯಲ್ಲಿ ಚಿಕ್ಕದಾಗಿಯೂ ಡಬ್ಬದ ಚೀಟಿಯ ಮೇಲೆ ದೊಡ್ಡದಾಗಿಯೂ ಅಚ್ಚು ಮಾಡಿಸುವ ಅಪೇಕ್ಷೆಯುಳ್ಳವರಿಗೆ ಎರಡನೆಯದೇ ಮೇಲು.

ಚುಕ್ಕಿಯ ಬಗೆಗೆ ಹೆಸರಾದುದು ಫೋಟೋಶಾಪ್. ನೋಲ್ ಎಂಬ ಅಣ್ಣತಮ್ಮಂದಿರು ಹೂಡಿದ ಇದು 1990ರಲ್ಲಿ ಮಾರಾಟಕ್ಕೆ ಬಂದಿತು. ಕಸಬುದಾರರಿಗೆ ಅದು ಸಲ್ಲುವುದು. ಆದರೆ ಅದಕ್ಕೆ ತಪ್ಪದೆ ಚಂದಾ ಕೊಡುತ್ತಿರಬೇಕು. ಒಂದು ಹೆಸರು ಬರೆಯುವುದಕ್ಕೆ ಅಷ್ಟು ವೆಚ್ಚ ಏಕೆ? ಪುಕ್ಕಟೆಯೆಂದು ಯಾರೋ ಕೊಡುವ ಕದ್ದ ಪ್ರತಿಯನ್ನಂತೂ ಮನೆಯೊಳಕ್ಕೆ ಸೇರಿಸಬಾರದು. ಅದರೊಡನೆ ಏನೇನು ಒಳಬರುವುದೋ ಬಲ್ಲವರಿಲ್ಲ. ಹಣದ ವ್ಯವಹಾರವೂ ಅದೇ ಗಣಕದಲ್ಲಿ ನಡೆಯುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಗಿಂಪ್ ಎಂಬುದು ನಿಜವಾಗಿಯೂ ಬಿಟ್ಟಿಯಾಗಿ ದೊರೆಯುವುದು. ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿ ಮರುವರುಷ ಲೋಕಕ್ಕೆ ಕೊಟ್ಟುದು. ಅಂದಿನಿಂದ ದೇಶದೇಶಗಳ ಜನರು ಕೂಡಿ ಅದನ್ನು ಬೆಳೆಸುತ್ತಿರುವರು. 2025ರಲ್ಲಿ ಅದರ ಮೂರನೆಯ ದೊಡ್ಡ ಆವೃತ್ತಿ ಬಂದಿತು. ಮೊದಲ ದಿನ ಅದರ ಮುಖ ನೋಡಿದರೆ ಗಾಬರಿಯಾಗುವುದುಂಟು. ಅಕ್ಕಸಾಲೆಯ ಪೆಟ್ಟಿಗೆಯನ್ನು ಬಿಚ್ಚಿಟ್ಟಂತೆ ಅಷ್ಟು ಮುಟ್ಟುಗಳು! ಅವುಗಳಲ್ಲಿ ನಮಗೆ ಬೇಕಾದುವು ನಾಲ್ಕೈದು ಮಾತ್ರ. ಗೆರೆಯ ಬಗೆಗೆ 2003ರಿಂದ ಬೆಳೆದುಬಂದ ಇಂಕ್‌ಸ್ಕೇಪ್ ಉಂಟು. ಅದೂ ಬಿಟ್ಟಿಯೇ, ಅದೂ ಒಳ್ಳೆಯದೇ.

ವಿಂಡೋಸ್ ಗಣಕದಲ್ಲಿ ಮೊದಲಿಂದ ಇದ್ದೇ ಇರುವ ಪೇಂಟನ್ನು ಹೀಗಳೆಯುವವರು ಬಹಳ. 2023ರಿಂದೀಚೆಗೆ ಅದಕ್ಕೂ ಪದರಗಳು ಬಂದಿರುವುದರಿಂದ ಚಿಕ್ಕ ಕೆಲಸಕ್ಕೆ ಅದು ಸಾಕಾಗುವುದೆಂದು ನಮ್ಮ ಅಭಿಪ್ರಾಯ. ಗಣಕವಿಲ್ಲದೆ ಫೋನೊಂದೇ ಇರುವ ಮನೆಗಳೇ ಹೆಚ್ಚಾದುದರಿಂದ ಕ್ಯಾನ್ವಾದ ಮಾತನ್ನೂ ಆಡಬೇಕಾಗಿದೆ. ಅಲ್ಲಿ ಸಿದ್ಧಪಡಿಸಿಟ್ಟ ಮಾದರಿಗಳು ಅಸಂಖ್ಯಾತ; ಹತ್ತು ನಿಮಿಷದಲ್ಲಿ ಕಣ್ಣಿಗೆ ಒಪ್ಪುವ ಚಿತ್ರ ಕೈಗೆ ಬರುವುದು. ಆದರೆ ಅದೇ ಮಾದರಿಯು ಎದುರುಮನೆಯವರ ಕೈಗೂ ಬಂದಿರುವುದು. ಅಲ್ಲದೆ ಆ ಮಾದರಿಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಕ್ಕೆಂದು ಹೊಲಿದ ಅಂಗಿಗಳು. ಕನ್ನಡದ ಒತ್ತಕ್ಷರವು ಅಲ್ಲಿ ಕಾಲು ಚಾಚಲಾರದೆ ಕೆಳಗಿನ ಸಾಲನ್ನು ತುಳಿಯುವುದು. ಸಾಲುಗಳ ನಡುವಣ ಅಂತರವನ್ನು ಹೆಚ್ಚಿಸಿಕೊಂಡು, ಮಾದರಿಯ ಹೂಬಳ್ಳಿಯಲ್ಲಿ ಅರ್ಧವನ್ನು ಕಿತ್ತುಹಾಕಿದರೆ ಅದರಿಂದಲೂ ಕೆಲಸವಾಗುವುದು.

ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ನೆರೆಹೊರೆಯವರನ್ನು ಕೇಳುತ್ತ ಕಾಲಹರಣ ಮಾಡುವುದಕ್ಕಿಂತ ನಾವೇ ಪರೀಕ್ಷಿಸಿ ನೋಡುವುದು ಮೇಲು. ತಂತ್ರಾಂಶವನ್ನು ತೆರೆದೊಡನೆ ಹೂವನ್ನೂ ಬಣ್ಣವನ್ನೂ ಹುಡುಕದೆ ಐದು ಮಾತುಗಳನ್ನು ಬರೆದು ನೋಡಬೇಕು: ಲಕ್ಷ್ಮಿ, ಶಾಸ್ತ್ರಿ, ಕೃಷ್ಣ, ಅರ್ಥ, ಧೈರ್ಯ. ಮೊದಲನೆಯದರಲ್ಲಿ ಮೂರು ವ್ಯಂಜನಗಳು ಒಂದರ ಕೆಳಗೊಂದು ಕೂಡಬೇಕು. ಎರಡನೆಯದರಲ್ಲಿ ಸಕಾರದ ಕೆಳಗೆ ತಕಾರ ರಕಾರಗಳೆರಡೂ ಸೇರಬೇಕು. ಮೂರನೆಯದರಲ್ಲಿ ಋಕಾರದ ಕೊಂಬು ತನ್ನ ಎಡೆಯಲ್ಲಿಯೇ ನಿಲ್ಲಬೇಕು. ನಾಲ್ಕನೆಯದರಲ್ಲಿ ಅರ್ಕಾವೊತ್ತು ಥಕಾರದ ಬಲಕ್ಕೆ ಬರಬೇಕು. ಐದನೆಯದರಲ್ಲಿ ಐತ್ವವೂ ಮಹಾಪ್ರಾಣದ ಗೀಟೂ ಒಂದೇ ಅಕ್ಷರದಲ್ಲಿ ಕಾದಾಡದೆ ಇರಬೇಕು. ಈ ಐದೂ ಸರಿಯಾಗಿ ಬಂದರೆ ಆ ತಂತ್ರಾಂಶವು ಕನ್ನಡವನ್ನು ಬಲ್ಲುದು. ಬಾರದಿದ್ದರೆ ಅದರ ಉಳಿದ ನೂರು ಗುಣಗಳಿಂದ ನಮಗೇನು?

ಅಕ್ಷರಗಳು ಹೀಗೆ ಬಿಟ್ಟುಹೋಗುವುದೇಕೆಂದು ಕೇಳುವವರಿಗೆ ಎರಡು ಮಾತು. ಯೂನಿಕೋಡ್ ಎಂಬ ಲೋಕಸಮ್ಮತವಾದ ಸಂಕೇತಕ್ರಮದಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆ ಇಲ್ಲ. ಒಂದು ವ್ಯಂಜನ, ನಡುವೆ ವಿರಾಮದ ಚಿಹ್ನೆ, ಮತ್ತೊಂದು ವ್ಯಂಜನ, ಹೀಗೆ ಸಾಲಾಗಿ ಗಣಕದ ಒಳಗೆ ಇರುವುವು. ಅವುಗಳನ್ನು ಕೂಡಿಸಿ ಒತ್ತಾಗಿ ತೋರಿಸುವುದು ಫಾಂಟಿನಲ್ಲಿರುವ ನಿಯಮಗಳನ್ನು ಓದಿ ನಡೆಸುವ ತಂತ್ರಾಂಶದ ಕೆಲಸ. ಒಂದರ ಮುಂದೊಂದು ಅಕ್ಷರವಿಡುವ ಇಂಗ್ಲಿಷಿನ ಅಭ್ಯಾಸವನ್ನೇ ನೆಚ್ಚಿದ ತಂತ್ರಾಂಶವು ಅವುಗಳನ್ನು ಬಿಡಿಬಿಡಿಯಾಗಿ ತೋರಿಸುವುದು. ಗಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ಈ ತೊಡಕಿಲ್ಲ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಬರವಣಿಗೆಯ ಏರ್ಪಾಡನ್ನು ದಕ್ಷಿಣ ಏಷ್ಯದ ಲಿಪಿಗಳಿಗೆ ತಕ್ಕಂತೆ ಬದಲಾಯಿಸಿಕೊಂಡಲ್ಲದೆ ಒತ್ತು ಕೂಡದು. ಬೇಗೂರಿನ ಚಿತ್ರವು ಕೆಟ್ಟುದಕ್ಕೆ ಇಂಥದೇ ಯಾವುದೋ ಕಾರಣವಿರಬೇಕೆಂದು ನಾವು ಊಹಿಸುತ್ತೇವೆ.

ಬೆರಳಚ್ಚಿಗೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಬೇಗ ಕೈಗೆ ಹತ್ತುವುದು. ಫಾಂಟು ಯೂನಿಕೋಡಿನದೇ ಆಗಿರಲಿ. ನೋಟೋ ಕನ್ನಡ ಸರಳವಾಗಿಯೂ ಸ್ಫುಟವಾಗಿಯೂ ಇರುವುದು. ಬಲೂ ತಮ್ಮ ಎಂಬುದು ದುಂಡಗೆ, ಹೋಳಿಗೆಯಂತೆ ಮೃದುವಾಗಿ ಇರುವುದು. ಹಳೆಯ ಪುಸ್ತಕಗಳ ಗಾಂಭೀರ್ಯ ಬೇಕಾದವರಿಗೆ ತಿರೋ ಕನ್ನಡ ಉಂಟು. ಮೂರೂ ಬಿಟ್ಟಿಯಾಗಿ ದೊರೆಯುವುವು, ವ್ಯಾಪಾರಕ್ಕೆ ಬಳಸುವುದಕ್ಕೂ ಅಡ್ಡಿಯಿಲ್ಲ. ಒಂದು ಹೆಸರಿಗೆ ಒಂದೇ ಫಾಂಟು ಸಾಕು.

ಮಾಡುವ ಕ್ರಮವನ್ನು ಗಿಂಪನ್ನೇ ಇಟ್ಟುಕೊಂಡು ಹೇಳುತ್ತೇವೆ. ಹೊಸ ಹಾಳೆಯನ್ನು ತೆಗೆದು, ಅಗಲಕ್ಕೆ 1200 ಚುಕ್ಕಿ, ಎತ್ತರಕ್ಕೆ 300 ಚುಕ್ಕಿ ಇಡಬೇಕು. ಓಲೆಯ ಅಡಿಯಲ್ಲಿ ಇದರ ಅರ್ಧ ಸಾಕು. ಆದರೆ ದೊಡ್ಡದನ್ನು ಕುಗ್ಗಿಸಬಹುದೇ ಹೊರತು ಚಿಕ್ಕದನ್ನು ಹಿಗ್ಗಿಸಲಾಗದು. ಮೊದಲು ಹೆಸರನ್ನು ಕಪ್ಪು ಬಣ್ಣದಲ್ಲಿ ಬರೆಯಬೇಕು. ಅಕ್ಷರಗಳು ಹಾಳೆಯ ಎತ್ತರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆಕ್ರಮಿಸಬಾರದು. ಮೇಲೆ ಗುಡಿಸಿಗೂ ಕೆಳಗೆ ಒತ್ತಿಗೂ ಎಡೆ ಬೇಕು, ಅದರಲ್ಲಿಯೂ ಕೆಳಗೆ ಹೆಚ್ಚು. ಕಪ್ಪಿನಲ್ಲಿಯೇ ಹೆಸರು ಚೆಲುವಾಗಿ ಕಂಡರೆ ಮುಂದುವರಿಯಬಹುದು. ಕಾಣದಿದ್ದರೆ ಬಣ್ಣವು ಅದನ್ನು ಉದ್ಧಾರ ಮಾಡಲಾರದು, ಫಾಂಟನ್ನೇ ಬದಲಾಯಿಸಬೇಕು.

ಇನ್ನು ಪದರದ ವಿಚಾರ. ಈ ಕಸಬಿನ ಗುಟ್ಟೆಲ್ಲ ಇದರಲ್ಲಿರುವುದು. ಗಾಜಿನ ಹಲಗೆಗಳನ್ನು ಒಂದರ ಮೇಲೊಂದಿಟ್ಟು, ಒಂದರ ಮೇಲೆ ನೆಲದ ಬಣ್ಣ, ಒಂದರ ಮೇಲೆ ಹೂವು, ಒಂದರ ಮೇಲೆ ಅಂಚು, ಎಲ್ಲಕ್ಕಿಂತ ಮೇಲಿನದರ ಮೇಲೆ ಅಕ್ಷರ, ಹೀಗೆ ಬರೆದಂತೆ ಭಾವಿಸಿರಿ. ಹೂವು ಬೇಡವಾದರೆ ಆ ಹಲಗೆಯೊಂದನ್ನೇ ತೆಗೆದುಬಿಟ್ಟರಾಯಿತು, ಅಕ್ಷರಕ್ಕೆ ಕೈಯಿಡಬೇಕಾಗಿಲ್ಲ. ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಬರೆದವನ ಗತಿಯು ಬೇಗೂರಿನ ಕಲ್ಲುಕುಟಿಗನ ಗತಿಯೇ. ಅವನ ಕೈಯ ಹದ ಮಾತ್ರ ಇವನಿಗಿರುವುದಿಲ್ಲ. ಒಂದೊಂದು ಪದರಕ್ಕೂ ಒಂದೊಂದು ಹೆಸರು ಕೊಡುವುದನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಕೊಳ್ಳತಕ್ಕದ್ದು. ಹತ್ತು ಪದರಗಳಾದ ಮೇಲೆ ಹುಡುಕುವುದೆಂದರೆ ಸಾಸಿವೆ ಡಬ್ಬಕ್ಕೂ ಗಸಗಸೆ ಡಬ್ಬಕ್ಕೂ ಚೀಟಿ ಹಚ್ಚದ ಅಡಿಗೆಮನೆಯ ಪಾಡೇ ಸರಿ.

ಅಂಚು ಬೇಕೆನ್ನುವವರು ಅದನ್ನು ಅಕ್ಷರದ ಮೇಲೆ ಬಳಿಯದೆ ಅಕ್ಷರದ ಕೆಳಗಿನ ಪದರದಲ್ಲಿ ಮಾಡಬೇಕು. ಅಕ್ಷರದ ಪದರದ ಮೇಲೆ ‘ಆಲ್ಫಾ ಟು ಸೆಲೆಕ್ಷನ್’ ಎಂಬುದನ್ನು ಒತ್ತಿದರೆ ಅಕ್ಷರದ ಆಕಾರವೆಲ್ಲ ಆಯ್ಕೆಗೊಳ್ಳುವುದು. ‘ಗ್ರೋ’ ಎಂಬುದರಿಂದ ಅದನ್ನು ಮೂರು ನಾಲ್ಕು ಚುಕ್ಕಿಗಳಷ್ಟು ಮಾತ್ರ ಬೆಳೆಸಿ, ಕೆಳಗೊಂದು ಹೊಸ ಪದರವನ್ನು ಮಾಡಿ, ಅಲ್ಲಿ ಅಂಚಿನ ಬಣ್ಣವನ್ನು ತುಂಬಿದರೆ ಅಂಚು ಹೊರಮುಖವಾಗಿ ಮಾತ್ರ ಹರಡುವುದು. ಅಕ್ಷರದ ಮೈಯನ್ನು ಕೊರೆಯದು. ಕನ್ನಡದಲ್ಲಿ ಈ ಎಚ್ಚರಿಕೆಯು ಇಂಗ್ಲಿಷಿಗಿಂತ ನೂರುಪಾಲು ಹೆಚ್ಚು ಬೇಕು. ದಕಾರ ಧಕಾರಗಳಿಗೂ, ಬಕಾರ ಭಕಾರಗಳಿಗೂ, ಡಕಾರ ಢಕಾರಗಳಿಗೂ ಇರುವ ಭೇದವೆಲ್ಲ ಅಡಿಯಲ್ಲಿರುವ ಒಂದು ಸಣ್ಣ ಗೀಟು. ಆ ಗೀಟಿನ ಎರಡು ಪಕ್ಕದ ಸಂದುಗಳು ಮುಚ್ಚಿಹೋದರೆ ಭಾರವು ಬಾರವಾಗುವುದು, ಧರೆಯು ದರೆಯಾಗುವುದು. ಧನವು ಏನಾಗುವುದೆಂಬುದನ್ನು ಮೇಲೆಯೇ ಕಂಡೆವು. ಅಕ್ಷರಕ್ಕೂ ಅಂಚಿಗೂ ಬಣ್ಣದ ಅಂತರ ಚೆನ್ನಾಗಿರಬೇಕು. ಹೊನ್ನಿಗೆ ಕಿತ್ತಿಳೆಯ ಅಂಚು ಹಾಕಿದರೆ ಎರಡೂ ಕಲೆತುಹೋಗುವುವು. ಚಿತ್ರವನ್ನು ಒಮ್ಮೆ ಬಣ್ಣವಿಲ್ಲದ ಬೂದುಬಣ್ಣಕ್ಕೆ ತಿರುಗಿಸಿ, ಹೆಬ್ಬೆರಳಿನಷ್ಟಗಲಕ್ಕೆ ಕುಗ್ಗಿಸಿ, ಮನೆಯಲ್ಲಿ ಕಣ್ಣು ಮಂದವಾದವರ ಕೈಗೆ ಕೊಟ್ಟು ಓದಿಸುವುದು ಉತ್ತಮ. ಅವರು ತಡವರಿಸದೆ ಓದಿದರೆ ತೇರ್ಗಡೆಯಾದಂತೆ. ನೋಡಿದ ಬಣ್ಣವನ್ನು ಮತ್ತೆ ಹಿಂದಕ್ಕೆ ತಂದುಕೊಳ್ಳುವುದನ್ನು ಮಾತ್ರ ಮರೆಯಬಾರದು.

ಕೆಲಸ ಮುಗಿದ ಮೇಲೆ ಕಡತವನ್ನು ಎರಡು ರೂಪದಲ್ಲಿ ಇಡತಕ್ಕದ್ದು. ಗಿಂಪಿನ ಸ್ವಂತ ರೂಪವಾದ ಎಕ್ಸ್‌ಸಿಎಫ್‌ನಲ್ಲಿ ಪದರಗಳೆಲ್ಲ ಬಿಡಿಬಿಡಿಯಾಗಿ ಉಳಿಯುವುವು. ಅದು ಮನೆಯಲ್ಲಿರಬೇಕಾದ ಪ್ರತಿ. ಹೊರಗೆ ಕಳುಹಿಸುವುದಕ್ಕೆ ಪಿಎನ್‌ಜಿ. ಜೆಪೆಗ್ ಎಂಬುದು ಛಾಯಾಚಿತ್ರಗಳಿಗೆಂದು ಹುಟ್ಟಿದುದು. ಕಡತದ ಗಾತ್ರವನ್ನು ಇಳಿಸುವುದಕ್ಕಾಗಿ ಚಿತ್ರವನ್ನು ಎಂಟೆಂಟು ಚುಕ್ಕಿಗಳ ಚೌಕಗಳಾಗಿ ಒಡೆದು, ಸೂಕ್ಷ್ಮವಾದುದನ್ನು ಬಿಟ್ಟುಬಿಡುವುದು. ಮುಖದ ಮೇಲೆ ಅದು ಕಾಣದು, ಅಕ್ಷರದ ಅಂಚಿನಲ್ಲಿ ಮಾತ್ರ ಹೊಗೆ ಹಿಡಿದಂತೆ ಕಾಣುವುದು. ಪಿಎನ್‌ಜಿಯು ಏನನ್ನೂ ಬಿಡದು. ನೆಲವನ್ನು ಪಾರದರ್ಶಕವಾಗಿಯೂ ಇಡಬಲ್ಲುದು. ಆದರೆ ವಾಟ್ಸಾಪಿನಲ್ಲಿ ಚಿತ್ರವೆಂದು ಕಳುಹಿಸಿದರೆ ಅದು ತಾನೇ ಜೆಪೆಗ್ ಮಾಡಿಬಿಡುವುದರಿಂದ ಪಾರದರ್ಶಕತೆ ಉಳಿಯದು. ಆದಕಾರಣ ಅಲ್ಲಿಗೆಂದು ಮಾಡುವ ಚಿತ್ರಕ್ಕೆ ಗಟ್ಟಿಯಾದ ಒಂದು ನೆಲದ ಬಣ್ಣವನ್ನು ಕೊಡುವುದು ಒಳ್ಳೆಯದು, ಇಲ್ಲವೆ ಡಾಕ್ಯುಮೆಂಟ್ ಎಂದು ಕಳುಹಿಸಬೇಕು. ಚಿತ್ರದ ಕೆಳಗೆ ಹೆಸರನ್ನು ಸಾಧಾರಣ ಅಕ್ಷರಗಳಲ್ಲಿಯೂ ಒಮ್ಮೆ ಬರೆಯಬೇಕೆಂದು ನಮ್ಮ ವಿಜ್ಞಾಪನೆ. ದೃಷ್ಟಿಯಿಲ್ಲದವರಿಗೆ ಫೋನು ಓಲೆಯನ್ನು ಓದಿ ಹೇಳುವುದುಂಟು. ಚಿತ್ರದೊಳಗಿನ ಅಕ್ಷರವನ್ನು ಅದು ಸರಿಯಾಗಿ ಓದೀತೆಂಬ ಭರವಸೆಯಿಲ್ಲ.

ಊರಿನ ಹಿರಿಮೆಯನ್ನು ತೋರಿಸುವ ಸಲುವಾಗಿ ಹೆಸರಿನ ಹಿಂದೆ ಶಾಸನದ ಚಿತ್ರವನ್ನೇ ಇಡಬೇಕೆಂದು ಸೊಸೆಗೆ ಮನಸ್ಸಾಯಿತು. ಅದು ಒಳ್ಳೆಯ ಬುದ್ಧಿಯೇ. ಪರರ ಚಿತ್ರವನ್ನು ಕೇಳದೆ ಎತ್ತಿಕೊಳ್ಳುವುದಕ್ಕಿಂತ ನಮ್ಮೂರಿನ ಕಲ್ಲನ್ನು ನಾವೇ ಚಿತ್ರಿಸಿಕೊಳ್ಳುವುದು ಎಷ್ಟೋ ಮೇಲು. ಆದರೆ ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣದ ಕಡ್ಡಿಯನ್ನಾಗಲಿ ಅರಿಸಿನವನ್ನಾಗಲಿ ಉಜ್ಜುವ ದುರಭ್ಯಾಸವು ಕೆಲವರಲ್ಲಿರುವುದು, ಅದು ಸಲ್ಲದು. ಬೆಳಗಿನ ಇಲ್ಲವೆ ಸಂಜೆಯ ಓರೆಬಿಸಿಲು ಕಲ್ಲಿನ ಪಕ್ಕದಿಂದ ಬೀಳುವಾಗ ತೆಗೆದರೆ ಸವೆದ ಅಕ್ಷರವೂ ತನ್ನ ನೆರಳಿನಿಂದಲೇ ಎದ್ದು ನಿಲ್ಲುವುದು. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಈ ಸೀಮೆಯ ಶಾಸನಗಳ ಮೈಯನ್ನೆಲ್ಲ ಬೆಳಕಿನಿಂದ ಅಳೆದು, ಉಬ್ಬುತಗ್ಗುಗಳೊಡನೆ ಗಣಕದಲ್ಲಿ ಸಂಗ್ರಹಿಸುವ ಕಾರ್ಯವನ್ನು ಕೈಕೊಂಡರು. ರಸ್ತೆಗಾಗಿಯೂ ಕಟ್ಟಡಕ್ಕಾಗಿಯೂ ಶಾಸನಗಳು ಕಣ್ಮರೆಯಾಗುತ್ತಿರುವ ಈ ನಗರದಲ್ಲಿ ಅದೆಷ್ಟು ಬೇಕಾದ ಕೆಲಸವೆಂದು ಹೇಳಬೇಕಾದುದಿಲ್ಲ. ಹೀಗೆ ಸಂಗ್ರಹಿಸಿದ ಪ್ರಾಚೀನಾಕ್ಷರಗಳ ರೂಪಗಳನ್ನು ‘ಅಕ್ಷರ ಭಂಡಾರ’ ಎಂಬ ತಂತ್ರಾಂಶವಾಗಿಯೂ ಅವರು ಹೊರತಂದಿರುವರು. ಗಂಗರ ಕಾಲದ ಲಕಾರವೊಂದನ್ನು ನೋಡಿ ಕೈಯಿಂದ ತಿದ್ದಿ ಬರೆಯುವ ಆನಂದವನ್ನು ಬೇಕಾದವರು ಅನುಭವಿಸಬಹುದು. ಹಪ್ಪಳದ ಗಿರಾಕಿಯು ಓದಬೇಕಾದ ಹೆಸರಿಗೆ ಮಾತ್ರ ಅದನ್ನು ಬಳಸಬಾರದು.

ಸೊಸೆಯು ಶಾಸನದ ಚಿತ್ರವನ್ನು ಹಿಂದಿಟ್ಟು ನೋಡಿದಳು. ಕಲ್ಲಿನ ಒರಟು ಮೈಗೂ ಮೇಲಿನ ಅಕ್ಷರಕ್ಕೂ ಜಗಳವಾಗಿ ಎರಡೂ ಕಾಣಲಿಲ್ಲ. ಕಲ್ಲಿನ ಪದರಕ್ಕೂ ಅಕ್ಷರದ ಪದರಕ್ಕೂ ನಡುವೆ ಕುಂಕುಮಬಣ್ಣದ ಪದರವೊಂದನ್ನು ಮಾಡಿ, ಅದನ್ನು ಮುಕ್ಕಾಲುಪಾಲು ದಟ್ಟವಾಗಿ ಇಟ್ಟ ಮೇಲೆ ಕಲ್ಲು ಮಸುಕಾಗಿ ಹಿಂದೆ ಸರಿಯಿತು, ಹೆಸರು ಬಿಳಿಯದಾಗಿ ಮುಂದೆ ಬಂದಿತು. ಹೂಗಳಿಲ್ಲ. ಅಂಚು ಮೂರು ಚುಕ್ಕಿ. ಮೂರು ಸಂಜೆಗಳ ಕೆಲಸ. ಎರಡು ಸಂಜೆಗಳು ಮುಟ್ಟುಗಳನ್ನು ಹುಡುಕುವುದರಲ್ಲಿಯೇ ಹೋದುವು.

ನಾಲ್ಕನೆಯ ದಿನ ಚಿತ್ರವನ್ನು ಅತ್ತೆಯವರಿಗೆ ತೋರಿಸಿದಾಗ ನಾವೂ ಅಲ್ಲಿದ್ದೆವು. ಕನ್ನಡಕ ತರಲೆಂದು ಎದ್ದ ಮೊಮ್ಮಗುವನ್ನು ತಡೆದು, ಫೋನನ್ನು ಕೈಯಷ್ಟು ದೂರ ಹಿಡಿದು, ಧಕಾರದ ಅಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಹೂಂ, ಇದು ನನ್ನ ಹೆಸರು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಆದರೆ ಮೊದಲಿನದರ ಹೊನ್ನಿನ ಬಣ್ಣ ಚೆನ್ನಾಗಿತ್ತಮ್ಮ” ಎಂದರು. ಅಕ್ಷರದ ಪದರ ಬೇರೆಯಾಗಿಯೇ ಇದ್ದುದರಿಂದ ಬಣ್ಣವನ್ನು ಬದಲಾಯಿಸುವುದಕ್ಕೆ ಸೊಸೆಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.